ಹಿಟ್ಟಣ್ಣ ಬಿಟ್ಟ ಹಡಗು

ಅಪ್ಪನ ಬಲಗೈ ಹೆಬ್ಬೆರಳಿನ ಉಗುರುಸಂದಿಯಲ್ಲಿ ಒಣಗಿ ಕೂತಿದ್ದ ಹಿಟ್ಟನ್ನು ಪುಟ್ಟಿ ತಲೆಪಿನ್ನಿನ ತುದಿಯಿಂದ ಕೆರೆದು ತೆಗೆಯುತ್ತಿದ್ದಳು. ಉಳಿದ ಬೆರಳುಗಳು ಹೇಗೋ ಮುಗಿದಿದ್ದವು. ಹೆಬ್ಬೆರಳು ಮಾತ್ರ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

"ಬಿಡೇ ಅದನ್ನ," ಅಂದಳು ಅಮ್ಮ, ಬಾಗಿಲಿಗೆ ಒರಗಿ ನಿಂತು. "ಮದುವೆ ದಿನಾನೂ ಹೋಗಿರಲಿಲ್ಲ. ನಮ್ಮಮ್ಮ ಬಿಸಿನೀರಲ್ಲಿ ಕೈ ಅದ್ದಿಸಿ ತಿಕ್ಕಿಸಿದ್ಳು. ಕೈ ಕೆಂಪಾಯ್ತೇ ಹೊರತು ಹಿಟ್ಟು ಅಲ್ಲೇ ಇತ್ತು."

"ಎಲ್ಲರೂ ನೋಡೋಕೆ ಬರ್ತಾರಲ್ಲಮ್ಮ."

"ಬರಲಿ. ಉಗುರಲ್ಲಿ ಹಿಟ್ಟಿಲ್ಲ ಅಂದ್ರೆ ಬೇರೆ ಯಾರೋ ಅಂದ್ಕೊಂಡು ವಾಪಸ್ ಹೋಗ್ಬಿಡ್ತಾರೆ."

ಅಮ್ಮನ ಕಣ್ಣು ಊದಿಕೊಂಡಿತ್ತು, ಬಾಯಿ ಮಾತ್ರ ಎಂದಿನಂತೆ ಚುರುಕಾಗಿತ್ತು. ಪುಟ್ಟಿ ಪಿನ್ನು ಕೆಳಗಿಟ್ಟಳು. ನಲವತ್ತಾದರೂ, ಶಾಲೆಯಲ್ಲಿ ಲೆಕ್ಕದ ಟೀಚರಾಗಿ ಎಷ್ಟೋ ಮಕ್ಕಳನ್ನು ಗದರಿಸಿ ದಾರಿಗೆ ತಂದಿದ್ದರೂ, ಈ ಮನೆಯಲ್ಲಿ ಅವಳು ಪುಟ್ಟಿಯೇ.

ಅಪ್ಪ ಮೂಲೆಯ ಬೇಕರಿಯಲ್ಲಿ ಹಿಟ್ಟು ಕಲಸುವವನು. ಮೀಸೆ ಮೂಡುವ ಮುಂಚೆ ಶುರುಮಾಡಿದ ಕೆಲಸ, ನಿನ್ನೆ ಸಂಜೆಯವರೆಗೂ ಅದೇ ಕೆಲಸ. ಬೀದಿಗೆಲ್ಲ ಅವನು ಹಿಟ್ಟಣ್ಣ. ನಿನ್ನೆಯೂ ಎಂದಿನಂತೆ ಮರುದಿನದ ಬ್ರೆಡ್ಡಿಗೆ ಹಿಟ್ಟು ಕಲಸಿ, ನಾದಿ, ಮರದ ತೊಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸಿ, ಮನೆಗೆ ಬಂದು ಉಂಡು ಮಲಗಿದ್ದ. ಕಲಸುವವನ ಕೆಲಸ ಸಂಜೆಗೇ ಮುಗಿಯುತ್ತದೆ, ಬೆಳಗಿನದು ಭಟ್ಟಿಯವನ ಪಾಲು. ಆದರೂ ಅಪ್ಪ ದಿನಾ ಬೆಳಕು ಹರಿಯುವಾಗ ಎದ್ದು ಹೋಗಿ ಬಟ್ಟೆ ಸರಿಸಿ, ಹಿಟ್ಟು ಉಬ್ಬಿದೆಯಾ ಅಂತ ನೋಡಿಯೇ ಬರುತ್ತಿದ್ದ. ಇವತ್ತು ಅವನು ಬರಲಿಲ್ಲ ಅಂತ ಭಟ್ಟಿ ಮಾಮ ಉರಿಯುವ ಭಟ್ಟಿಯನ್ನು ಹಾಗೇ ಬಿಟ್ಟು ಮನೆಗೆ ಓಡಿಬಂದಿದ್ದ. ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಏನೂ ಕೇಳಬೇಕಾಗಿ ಬಂದಿರಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದಳು. ಅಪ್ಪನ ಒಬ್ಬಳೇ ತಂಗಿ. ಒಳಗೆ ಕಾಲಿಟ್ಟವಳೇ ಅಣ್ಣನ ಮುಖ ನೋಡಿ, ಪುಟ್ಟಿಯನ್ನು ಎಳೆದು ತಬ್ಬಿಕೊಂಡಳು.

"ನಿನಗೋಸ್ಕರ ಹಡಗನ್ನೇ ಬಿಟ್ಟ ಕಣೇ ನಮ್ಮಣ್ಣ! ಪ್ರಪಂಚ ಸುತ್ತಬೇಕಾದೋನು, ನಿನ್ನ ಮುಖ ನೋಡ್ಕೊಂಡು ಈ ಬೀದಿಲೇ ಉಳಿದ!"

ಅಮ್ಮ ಏನೋ ನೆನಪಾದವಳಂತೆ ಅಡುಗೆಮನೆಗೆ ಹೋದಳು.

ಅತ್ತೆಯ ಹಿಂದೆಯೇ ಪ್ರಾರ್ಥನಾ ಮಂದಿರದ ಹಿರಿಯರು ಬಂದಿದ್ದರು. ಅವರು ಪುಟ್ಟಿಯ ತಲೆ ಸವರಿ, "ಮಧ್ಯಾಹ್ನ ಹೊರಡೋದು. ಅದಕ್ಕೆ ಮುಂಚೆ ನೀನು ನಾಲ್ಕು ಮಾತು ಆಡಮ್ಮ. ಇರೋಳು ಒಬ್ಬಳೇ ಮಗಳು," ಅಂದರು.

"ಆಡ್ತೀನಿ," ಅಂದಳು ಪುಟ್ಟಿ.

ಏನು ಆಡಬೇಕೆಂದು ಅವಳಿಗೆ ಗೊತ್ತಿತ್ತು. ಹಡಗಿನ ಮಾತು. ಇಷ್ಟು ವರ್ಷ ಎದೆಯ ಮೇಲೆ ಕೂತಿದ್ದ ಮಾತನ್ನು ಅಪ್ಪ ಇರುವಾಗ ಸರಿಯಾಗಿ ಆಡಲಾಗಿರಲಿಲ್ಲ. ಇವತ್ತಾದರೂ ಬೀದಿಯವರೆಲ್ಲರ ಮುಂದೆ, ಅಪ್ಪ, ನಿನ್ನ ಋಣ ತೀರಿಸೋಕೆ ನನ್ನ ಕೈಲಿ ಆಗಲಿಲ್ಲ, ಅಂತ ಹೇಳಿಬಿಡಬೇಕು. ಮಣ್ಣು ಬೀಳುವ ಮುಂಚೆ ಅಷ್ಟಾದರೂ ಆಗಬೇಕು.

*

ಹಡಗಿನ ಕತೆ ಅವಳು ನಡೆಯಲು ಕಲಿಯುವ ಮುಂಚಿನಿಂದಲೂ ಮನೆಯಲ್ಲಿತ್ತು. ಬಂದರಿಗೆ ದೊಡ್ಡದೊಂದು ಪ್ರಯಾಣಿಕರ ಹಡಗು ಬಂದಿತ್ತಂತೆ. ಅದರ ಅಡುಗೆಮನೆಗೆ ಬ್ರೆಡ್ಡು ಮಾಡುವವನೊಬ್ಬ ಬೇಕಾಗಿತ್ತಂತೆ. ಊರಿನ ಬೇಕರಿಗಳವರೆಲ್ಲ ಹೋಗಿ ನಿಂತರೂ ಅವರು ಆರಿಸಿದ್ದು ಅಪ್ಪನನ್ನು. ಇನ್ನೇನು ಹತ್ತಬೇಕು, ಹೊಟ್ಟೆಯಲ್ಲಿ ಮಗುವಿದೆ, ಬಿಟ್ಟು ಹೇಗೆ ಹೋಗಲಿ ಅಂತ ಮನಸ್ಸು ಬದಲಾಯಿಸಿ ತಿರುಗಿ ಬಂದನಂತೆ. ಆ ಮಗು ಪುಟ್ಟಿ.

ನೆಂಟರಿಗೆ ಇದೊಂದು ಅಳತೆಗೋಲಾಗಿಬಿಟ್ಟಿತು. ಒಳ್ಳೆ ಅಂಕ ಬಂದರೆ, "ಅಪ್ಪ ಹಡಗು ಬಿಟ್ಟಿದ್ದಕ್ಕೂ ಸಾರ್ಥಕ ಆಯ್ತು." ಕಡಿಮೆ ಬಂದರೆ, "ಇದಕ್ಕಾ ಅವನು ಹಡಗು ಬಿಟ್ಟಿದ್ದು?" ಹಾಡುವ ಸ್ಪರ್ಧೆಯಲ್ಲಿ ಪುಟ್ಟಿಗೆ ಸಮಾಧಾನದ ಬಹುಮಾನವಾಗಿ ಒಂದು ಲೋಟ ಬಂದಾಗ ಅವಳು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ್ದಳು. ಎಷ್ಟು ನೋಡಿದರೂ ಅದು ಹಡಗಿಗೆ ಸಮನಾಗುವಂತಿರಲಿಲ್ಲ. ಮುಂದೆ ಕೆಲಸ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದವು. ಯಾವುದೂ ಹಡಗಿಗೆ ಸಮನಾಗಲಿಲ್ಲ.

ಕಾಲೇಜಿಗೆ ಹೋಗುತ್ತಿದ್ದಾಗ ಒಂದು ದಿನ ಧೈರ್ಯ ಮಾಡಿ ಕೇಳಿದ್ದಳು. ಅಪ್ಪ ಕಿಟಕಿಯ ಹತ್ತಿರ ಕೂತು ಬ್ರೆಡ್ಡು ತಿನ್ನುತ್ತಿದ್ದ.

"ಅಪ್ಪ, ಆ ಹಡಗಿನ ಬಗ್ಗೆ ನಿನಗೆ ಬೇಜಾರಿದೆಯಾ?"

"ಯಾವ ಹಡಗು?" ಅಂದ. ಆಮೇಲೆ, "ಓ ಅದಾ! ಎಷ್ಟು ಹಳೇದು ಅದು. ಬಿಡು. ಇಲ್ಲಿ ನೋಡು, ಇವತ್ತು ಹೇಗೆ ತೂತು ಬಿದ್ದಿದೆ," ಅನ್ನುತ್ತ ಬ್ರೆಡ್ಡಿನ ಚೂರನ್ನು ಬೆಳಕಿಗೆ ಹಿಡಿದು ತೋರಿಸಿದ. "ಒಂದರ ಹಾಗೆ ಒಂದಿಲ್ಲ ನೋಡು. ಯಾರು ಕೊರೆದರು ಇದನ್ನ ಒಳಗೆ ಕೂತ್ಕೊಂಡು?"

ಎಂಥ ದೊಡ್ಡ ಮನಸ್ಸು, ನೋವು ತೋರಿಸಿಕೊಳ್ಳಬಾರದು ಅಂತ ಮಾತು ತಿರುಗಿಸುತ್ತಿದ್ದಾನೆ ಅಂದುಕೊಂಡಳು ಪುಟ್ಟಿ. ಅವತ್ತಿನಿಂದ ಹಡಗು ಇನ್ನಷ್ಟು ಭಾರವಾಯಿತು.

*

ಹೊತ್ತು ಏರಿದಂತೆ ಪಡಸಾಲೆ ತುಂಬಿತು. ಬೇಕರಿಯ ಯಜಮಾನನಿಂದ ಹಿಡಿದು ಕಸ ಗುಡಿಸುವವಳವರೆಗೆ ಒಬ್ಬರೂ ಬಿಡದೆ ಬಂದಿದ್ದರು. ಎದುರುಮನೆಯವರು ಚಹಾ ಮಾಡಿ ತಂದಿದ್ದರು. ಪಕ್ಕದ ಕ್ಷೌರದಂಗಡಿಯವನು ಅಂಗಡಿ ಮುಚ್ಚಿ, ಒಬ್ಬ ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಕಳಿಸಿ ಬಂದು ಕೂತಿದ್ದ. ಆ ಗಿರಾಕಿಯೂ ಅರ್ಧ ಗಡ್ಡದಲ್ಲೇ ಬಂದು ಮೂಲೆಯಲ್ಲಿ ನಿಂತಿದ್ದ.

"ದಿನಾ ಸಂಜೆ ಚದುರಂಗ ಆಡ್ತಿದ್ವಿ," ಅಂದ ಕ್ಷೌರದವನು, ಯಾರನ್ನೂ ನೋಡದೆ. "ಒಂದು ಸಲ, ಒಂದೇ ಒಂದು ಸಲ ಗೆಲ್ಲಲಿಲ್ಲ ಪುಣ್ಯಾತ್ಮ. ಬೇಕಂತ ಸೋಲ್ತಿದ್ನಾ? ಇಲ್ಲ, ನಿಜವಾಗ್ಲೂ ಆಟ ಬರ್ತಿರಲಿಲ್ಲ. ನಾನು ಕುದುರೆ ತಂದು ಅವನ ರಾಜನ್ನ ಕಟ್ಟಿಹಾಕಿದ್ರೆ, ಬೀದಿಲಿ ಹೋಗೋರನ್ನೆಲ್ಲ ಕರೆಯೋನು. 'ಬನ್ರೋ, ನೋಡ್ರೋ ಇಲ್ಲಿ, ಹೇಗೆ ಹೊಡೆದ ನನ್ನ!' ಅಂತ. ಗೆದ್ದೋನು ನಾನು, ಖುಷಿ ಎಲ್ಲ ಅವನಿಗೆ. ಎಷ್ಟೋ ದಿನ ನನಗೆ ಹೊಟ್ಟೆ ಉರಿದುಹೋಗೋದು."

"ದೇವರ ಹತ್ರಾನೂ ಹಾಗೇ," ಅಂದರು ಹಿರಿಯರು. "ಮನೆ ಮಾಡು ಸೋರ್ತಿದೆ, ಮಗಳಿಗೆ ಕೆಲಸ ಆಗಬೇಕು, ಎಲ್ಲ ಕೇಳ್ಕೊಂಡು ಬನ್ನಿ ಅಂತ ಮನೆಯವರು ಹೇಳಿ ಕಳಿಸೋರು. ಹಿಂದಿನ ಬೆಂಚಲ್ಲಿ ಕಣ್ಣು ಮುಚ್ಕೊಂಡು ಕೂರೋನು. ಆಮೇಲೆ ಹೊರಗೆ ಹೋಗ್ತಾ ನಾಲಿಗೆ ಕಚ್ಕೊಳ್ಳೋನು. 'ಅಯ್ಯೋ, ಕೇಳೋದೇ ಮರೆತೆ! ಉಪಕಾರ ಆಯ್ತಪ್ಪ ಅಂತ ಹೇಳೋದ್ರಲ್ಲೇ ಹೊತ್ತು ಹೋಯ್ತು. ಮಾಡಿನ ವಿಷಯ ನೀವೇ ಒಂಚೂರು ಕೇಳ್ಬಿಡಿ.' ನಾನೂ ಕೇಳ್ತಿದ್ದೆ ಅನ್ನಿ."

"ಅದಕ್ಕೇ ಇನ್ನೂ ಸೋರ್ತಿದೆ," ಅಂದಳು ಅಮ್ಮ ಒಳಗಿನಿಂದ.

ನಗು ಹಬ್ಬಿತು. ನಕ್ಕವರೇ ಕಣ್ಣೊರೆಸಿಕೊಂಡರು. ಪುಟ್ಟಿಗೆ ಮಾತ್ರ ನಗು ಬರಲಿಲ್ಲ. ಒಂದು ಇಡೀ ಪ್ರಪಂಚವನ್ನೇ ಕಳೆದುಕೊಂಡು, ಅದನ್ನು ಬಚ್ಚಿಟ್ಟುಕೊಂಡು ಇಷ್ಟು ನಗುನಗುತ್ತ ಇದ್ದನಲ್ಲ ಅನ್ನಿಸಿತು. ಅವಳು ಎದ್ದು ಹಿತ್ತಿಲಿಗೆ ಹೋದಳು.

ಭಟ್ಟಿ ಮಾಮ ಅಲ್ಲಿ ಒಂದು ಬಕೆಟ್ಟನ್ನು ಬೋರಲು ಹಾಕಿಕೊಂಡು ಕೂತಿದ್ದ. ಅಪ್ಪನ ಜೊತೆಗೇ ಕೆಲಸಕ್ಕೆ ಸೇರಿದವನು. ಅಪ್ಪ ಕಲಸಿದ್ದನ್ನು ಇವನು ಸುಡುತ್ತಿದ್ದ. ಬೆಂಕಿಯ ಮುಂದೆ ನಿಂತೂ ನಿಂತೂ ಹುಬ್ಬಿನ ಕೂದಲೆಲ್ಲ ಸುಟ್ಟುಹೋಗಿ ಅವನ ಮುಖ ಯಾವಾಗಲೂ ಆಶ್ಚರ್ಯಪಟ್ಟಂತೆ ಕಾಣುತ್ತಿತ್ತು.

"ಮಾಮ, ಹಡಗಿನ ದಿನ ನೀನೂ ಅಪ್ಪನ ಜೊತೆ ಬಂದರಿಗೆ ಹೋಗಿದ್ಯಂತೆ. ಹೇಗಿತ್ತು ಅದು? ನನ್ನ ಮಾತಲ್ಲಿ ಹೇಳಬೇಕು. ಅಪ್ಪ ನನಗೋಸ್ಕರ ಬಿಟ್ಟಿದ್ದು ಎಷ್ಟು ದೊಡ್ಡದು ಅಂತ ಜನಕ್ಕೆ ಗೊತ್ತಾಗಲಿ."

ಮಾಮ ಅವಳ ಮುಖವನ್ನೇ ನೋಡಿದ.

"ನಿನಗೋಸ್ಕರಾನಾ? ಯಾರು ಹೇಳಿದ್ರು?"

"ಎಲ್ಲರೂ."

"ಎಲ್ಲರೂ ಬಂದರಲ್ಲಿ ಇದ್ರಾ? ಇದ್ದೋನು ನಾನೊಬ್ಬ." ಮಾಮ ಮೂಗು ಒರೆಸಿಕೊಂಡ. "ಕೂತ್ಕೋ."

*

ಹಡಗಿನವರು ಆರಿಸಿದ್ದು ಅಪ್ಪನನ್ನಾದರೂ ಹೋಗಲು ಚಡಪಡಿಸುತ್ತಿದ್ದವನು ಭಟ್ಟಿ ಮಾಮ. ತನ್ನನ್ನು ಆರಿಸಲಿಲ್ಲವೆಂಬ ಸಂಕಟವನ್ನು ನುಂಗಿಕೊಂಡು, ಗೆಳೆಯನ ಚೀಲ ಹೊತ್ತು, ಬೀಳ್ಕೊಡಲು ಬಂದರಿಗೆ ಹೋಗಿದ್ದ. ಬೆಳಕು ಆಗಷ್ಟೇ ಹರಿದಿತ್ತು. ಹಡಗು ಒಂದು ಬೀದಿಯನ್ನು ಎತ್ತಿ ನೀರಿನ ಮೇಲಿಟ್ಟಷ್ಟು ಉದ್ದವಿತ್ತು. ಕೆಲಸದವರು ಒಬ್ಬೊಬ್ಬರಾಗಿ ಏಣಿ ಹತ್ತುತ್ತಿದ್ದರು.

ಅಪ್ಪನ ಸರದಿ ಬರುವುದಕ್ಕೆ ಮುಂದೆ ಇಬ್ಬರೋ ಮೂವರೋ ಇದ್ದರು. ಅವನು ಹಿಂದಕ್ಕೆ ತಿರುಗಿದ.

"ಲೋ, ನಿನ್ನೆ ರಾತ್ರಿ ಚಳಿ ಇತ್ತಲ್ವಾ?"

"ಇತ್ತು. ಅದಕ್ಕೇನು?"

"ಹಿಟ್ಟು ಉಬ್ಬಿರತ್ತಾ?"

"ಉಬ್ಬಿರತ್ತೆ. ನೀನು ಹತ್ತು."

"ಒಂದು ಸಲ ನೋಡ್ಕೊಂಡು ಬಂದ್ಬಿಡ್ತೀನಿ ಕಣೋ. ಈಗ ಹೋದೆ, ಈಗ ಬಂದೆ."

ಅಂದವನೇ ಓಡಿದ. ಚೀಲ ಹೊತ್ತು ಮಾಮನೂ ಹಿಂದೆ ಓಡಿದ. ಬೈಯುತ್ತ, ಎಡವುತ್ತ ಬೇಕರಿ ಮುಟ್ಟುವಷ್ಟರಲ್ಲಿ ಅಪ್ಪ ತೊಟ್ಟಿಯ ಮುಂದೆ ನಿಂತು ಬಟ್ಟೆಯ ಒಂದು ಮೂಲೆಯನ್ನು ಎತ್ತಿ ಹಿಡಿದಿದ್ದ. ಹಿಂದಿನ ಸಂಜೆ ತೊಟ್ಟಿಯ ತಳದಲ್ಲಿ ಬಿದ್ದಿದ್ದ ಹಿಟ್ಟು ಈಗ ಅಂಚಿನವರೆಗೆ ಬಂದು ಗುಂಡಗೆ ಕೂತಿತ್ತು. ಅಪ್ಪ ಅದನ್ನೇ ನೋಡುತ್ತಿದ್ದ. ಮಾಮ ತೋಳು ಹಿಡಿದು ಎಳೆದರೂ ಕದಲಲಿಲ್ಲ. ಆಗಲೇ ಬಂದರಿನ ಕಡೆಯಿಂದ ಹಡಗು ಕೂಗಿದ್ದು ಕೇಳಿಸಿತು.

"ಹೊರಟುಹೋಯ್ತಲ್ಲೋ!" ಮಾಮ ತಲೆ ಚಚ್ಚಿಕೊಂಡ. "ಹಿಟ್ಟು ದಿನಾ ಉಬ್ಬತ್ತಲ್ಲೋ ದಡ್ಡ! ದಿನಾ ಉಬ್ಬತ್ತೆ!"

ಅಪ್ಪ ಅವನ ಕಡೆ ತಿರುಗಿದ. ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗು.

"ಅದೇ ಮತ್ತೆ! ಅದನ್ನೇ ಅಲ್ವೇನೋ ನಾನೂ ಹೇಳ್ತಿರೋದು! ದಿನಾ!"

*

"ಅವತ್ತು ಅವನನ್ನ ಹೊಡೆಯೋಕೆ ಹೋಗಿದ್ದೆ," ಅಂದ ಭಟ್ಟಿ ಮಾಮ. "ನನ್ನನ್ನ ಕರೆದಿದ್ರೆ ಈಜ್ಕೊಂಡಾದ್ರೂ ಹೋಗ್ತಿದ್ದೆ. ಅವನು ಸಿಕ್ಕಿದ್ದನ್ನ ಬಿಟ್ಟು ಹಿಟ್ಟು ನೋಡ್ತಾ ನಿಂತ. ಕೊನೆಗೆ ನಾನೂ ಅವನ ಪಕ್ಕ ನಿಂತು ನೋಡಿದೆ. ಏನಿದೆ ಇದರಲ್ಲಿ ಅಂತ."

"ಏನಿತ್ತು?"

"ಹಿಟ್ಟು. ಇನ್ನೇನಿರತ್ತೆ? ಆದ್ರೆ ಅವನ ಪಕ್ಕ ನಿಂತ್ಕೊಂಡ್ರೆ ಒಂದು ಥರ ಆಗೋದು. ಹೇಳೋಕೆ ಬರಲ್ಲ ನನಗೆ."

ಪುಟ್ಟಿಯ ಎದೆಯ ಮೇಲಿಂದ ಯಾರೋ ಹಡಗನ್ನು ಎತ್ತಿಕೊಂಡು ಹೋಗಿದ್ದರು, ನಿಜ. ಆದರೆ ಆ ಜಾಗ ಖಾಲಿಯಾಗಿ ನೋಯುತ್ತಿತ್ತು. ಭಾರವೋ ಗೀರವೋ, ಅಪ್ಪನಿಗೆ ತಾನು ಎಷ್ಟು ಬೇಕಾಗಿದ್ದೆ ಅನ್ನುವುದಕ್ಕೆ ಇಷ್ಟು ದಿನ ಇದ್ದ ಸಾಕ್ಷಿ ಅದೊಂದೇ.

"ಹಾಗಾದ್ರೆ ನನಗೋಸ್ಕರ ಅಲ್ಲ," ಅಂದಳು. ದನಿ ಅವಳಿಗೇ ಚಿಕ್ಕ ಹುಡುಗಿಯದರಂತೆ ಕೇಳಿಸಿತು.

"ನೀನಿನ್ನೂ ಹುಟ್ಟೇ ಇರಲಿಲ್ಲವಲ್ಲೇ! ಹುಟ್ಟಿದ ದಿನ ಏನಾಯ್ತು ಗೊತ್ತಾ? ಬೇಕರಿಗೆ ಓಡಿಬಂದು ನಮ್ಮನ್ನೆಲ್ಲ ಎಳ್ಕೊಂಡು ಹೋದ. ಭಟ್ಟಿಲಿ ಬ್ರೆಡ್ಡಿದೆ ಕಣೋ ಅಂದ್ರೂ ಕೇಳಲಿಲ್ಲ. ಒಂದು ತಟ್ಟೆ ಪೂರ್ತಿ ಇದ್ದಿಲಾಯ್ತು ಅವತ್ತು. ನಿನ್ನ ಮುಖದ ಮೇಲೆ ಬಟ್ಟೆ ಇತ್ತು. ಬಗ್ಗಿ, ಎರಡು ಬೆರಳಲ್ಲಿ ಮೂಲೆ ಹಿಡಿದು, ಹೀಗೆ..." ಮಾಮನ ಸುಟ್ಟ ಬೆರಳುಗಳು ಗಾಳಿಯಲ್ಲಿ ಏನನ್ನೋ ಮೆಲ್ಲಗೆ ಎತ್ತಿದವು. "'ಬಂದಿದೆ ನೋಡ್ರೋ!' ಅಂದ. ಅಷ್ಟೇ. ನಾವೆಲ್ಲ ಮೈಯೆಲ್ಲ ಹಿಟ್ಟು ಮೆತ್ಕೊಂಡು ಸುತ್ತ ನಿಂತಿದ್ವಿ."

ಪುಟ್ಟಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮಾಮ ಅವಳನ್ನು ಅಳಲು ಬಿಟ್ಟು, ಬಕೆಟ್ಟನ್ನು ಎತ್ತಿಟ್ಟು ಒಳಗೆ ಹೋದ.

*

ಅಪ್ಪನನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಅಮ್ಮ ಪಕ್ಕದಲ್ಲಿ ಕೂತಿದ್ದಳು. ಪುಟ್ಟಿ ಅವಳ ಕಿವಿಗೆ ಬಾಯಿಟ್ಟು, "ಹಡಗು ಬಿಟ್ಟಿದ್ದು ಹಿಟ್ಟು ನೋಡೋಕಂತೆ?" ಅಂದಳು.

ಅಮ್ಮ ಕಣ್ಣು ಮುಚ್ಚಿ ತೆರೆದಳು. "ಹೇಳಿದ್ನಾ ಆ ಹುಬ್ಬಿಲ್ಲದೋನು?"

"ಗೊತ್ತಿದ್ದೂ ಯಾಕಮ್ಮ ನನ್ನ ಹೆಸರು ಹೇಳಿದೆ?"

"ಇನ್ನೇನು ಹೇಳಲಿ? ನಿಮ್ಮಜ್ಜಿ, ನಿಮ್ಮತ್ತೆ ಎಲ್ಲ ಸಾಲಾಗಿ ಕೂತು ಯಾಕೆ ಬಿಟ್ಟ, ಯಾಕೆ ಬಿಟ್ಟ ಅಂತ ಪ್ರಾಣ ತಿಂದ್ರು. ಹಿಟ್ಟು ಉಬ್ಬಿದೆಯಾ ನೋಡೋಕೆ ಬಂದ್ರು ಅನ್ನಲಾ? ಹೊಟ್ಟೆ ಮುಂದಕ್ಕೆ ಬಂದಿತ್ತು, ಅದರ ಮೇಲೆ ಕೈ ಇಟ್ಟು ತೋರಿಸಿದೆ. ಎಲ್ಲರ ಬಾಯಿ ಮುಚ್ತು."

"ಅಪ್ಪ ಸುಮ್ಮನಿದ್ನಾ?"

"ಎಲ್ಲಿ! ಹೋದಲ್ಲೆಲ್ಲ ನಿಜ ಹೇಳ್ತಿದ್ರು. ಯಾರಾದ್ರೂ ನಂಬಿದ್ರೆ ತಾನೇ? ಎಷ್ಟು ದೊಡ್ಡ ಮನಸ್ಸು, ತ್ಯಾಗ ಮಾಡಿ ಹೇಳ್ಕೊಳ್ಳಲ್ಲ ನೋಡು ಅಂತ ಇನ್ನೂ ಹೊಗಳೋರು. ನಿಮ್ಮಪ್ಪನಿಗೆ ಸಾಕಾಗಿಹೋಯ್ತು."

ಅಮ್ಮನ ಭುಜ ಅಲುಗತೊಡಗಿತು. ಪುಟ್ಟಿಯದೂ. ತಡೆಯಲು ಹೋದಷ್ಟೂ ಜಾಸ್ತಿಯಾಯಿತು. ತಾಯಿ ಮಗಳು ಒಬ್ಬರ ಹೆಗಲಲ್ಲಿ ಒಬ್ಬರು ಮುಖ ಹುದುಗಿಸಿ, ಶಬ್ದ ಹೊರಗೆ ಬರದಂತೆ ಬಾಯಿ ಕಚ್ಚಿಕೊಂಡು ನಕ್ಕರು. ಅತ್ತೆ ಓಡಿಬಂದು ಇಬ್ಬರನ್ನೂ ಸೇರಿಸಿ ತಬ್ಬಿಕೊಂಡು, "ಅತ್ತುಬಿಡಿ, ಅತ್ತುಬಿಡಿ, ತಡ್ಕೋಬೇಡಿ," ಅಂದಳು. ಅದರಿಂದ ಇನ್ನೂ ಕಷ್ಟವಾಯಿತು.

ಅತ್ತೆ ಆಚೆ ಹೋದ ಮೇಲೆ ಅಮ್ಮ ಕಣ್ಣೊರೆಸಿಕೊಂಡು ಮಗಳ ಕೈ ಹಿಡಿದಳು. "ನಿನಗೆ ಅದು ಅಷ್ಟು ಭಾರ ಆಗಿದೆ ಅಂತ ನನಗೆ ಗೊತ್ತಿರಲಿಲ್ಲ ಕಣೇ," ಅಂದಳು. ಪುಟ್ಟಿ ಆ ಕೈ ಬಿಡಲಿಲ್ಲ.

ಅವಳು ಅಪ್ಪನ ಮುಖ ನೋಡಿದಳು. ಎಷ್ಟು ವರ್ಷ ಈ ಮುಖದಲ್ಲಿ ಬಚ್ಚಿಟ್ಟ ದುಃಖ ಹುಡುಕಿದ್ದಳು! ಸಿಗದಿದ್ದಾಗಲೆಲ್ಲ ಇನ್ನೂ ಆಳಕ್ಕೆ ಬಚ್ಚಿಟ್ಟಿದ್ದಾನೆ ಅಂದುಕೊಂಡಿದ್ದಳು. ಅಲ್ಲಿ ಏನೂ ಇರಲಿಲ್ಲ. ಈ ಮನುಷ್ಯ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ. ಒಂದು ಬೀದಿ, ಒಂದು ತೊಟ್ಟಿ, ದಿನಾ ಸೋಲುವ ಒಂದು ಆಟ, ಸೋರುವ ಮಾಡಿನ ಕೆಳಗೆ ಒಬ್ಬ ಹೆಂಡತಿ, ಒಬ್ಬ ಮಗಳು. ಅವನಿಗೆ ಇದೇ ಹೆಚ್ಚಾಗಿ, ಹೊತ್ತುಹೊತ್ತಿಗೂ ಆಶ್ಚರ್ಯಪಡುತ್ತ ಬದುಕಿದ್ದ. ತ್ಯಾಗವೆಂದರೆ ಅವಳಿಗೆ ಅರ್ಥವಾಗುತ್ತಿತ್ತು. ಇದು ಅದಕ್ಕಿಂತ ದೊಡ್ಡದು ಅನ್ನಿಸಿತು.

ಹಿರಿಯರು ಸನ್ನೆ ಮಾಡಿದರು. ಪುಟ್ಟಿ ಎದ್ದು ನಿಂತಳು. ಎಲ್ಲರೂ ಮಾತು ನಿಲ್ಲಿಸಿದರು.

"ನಮ್ಮಪ್ಪನಿಗೆ ಏನೋ ಕಮ್ಮಿ ಇತ್ತು ಅಂತ ನಾನು ಅಂದ್ಕೊಂಡಿದ್ದೆ," ಅಂದಳು. "ಇರಲಿಲ್ಲ. ಏನೂ ಕಮ್ಮಿ ಇರಲಿಲ್ಲ. ಅಷ್ಟೇ."

ಹಿರಿಯರು ಇನ್ನೂ ಏನಾದರೂ ಬರಬಹುದೆಂದು ಸ್ವಲ್ಪ ಕಾದರು. ಕ್ಷೌರದವನು ಮಾತ್ರ ತಲೆ ಆಡಿಸಿದ.

*

ಪೆಟ್ಟಿಗೆ ಹೊತ್ತವರಲ್ಲಿ ಮುಂದಿನ ಬಲಮೂಲೆ ಭಟ್ಟಿ ಮಾಮನದು. ಬೀದಿ ಇಳಿದು, ಕ್ಷೌರದಂಗಡಿ ದಾಟಿ, ಬೇಕರಿಯ ಹತ್ತಿರ ಬಂದಾಗ ಮಾಮ ಗಕ್ಕನೆ ನಿಂತ. ಹಿಂದಿನವರು ಮುಗ್ಗರಿಸಿದರು. ಪೆಟ್ಟಿಗೆ ವಾಲಿತು.

"ಏನಾಯ್ತು ಮಾಮ?"

"ಹಿಟ್ಟು!" ಅಂದ ಮಾಮ. ಮುಖ ಬಿಳಿಚಿಕೊಂಡಿತ್ತು. "ನಿನ್ನೆ ಅವನು ಕಲಸಿಟ್ಟ ಹಿಟ್ಟು! ಯಾರೂ ಮುಟ್ಟೇ ಇಲ್ಲ!"

ಬೇಕರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುದ್ದಿ ಕೇಳಿದ ಗಾಬರಿಯಲ್ಲಿ ಎಲ್ಲರೂ ಎದ್ದುಬಿದ್ದು ಓಡಿದ್ದರು. ಹುದುಗು ಬಂದ ಹಿಟ್ಟನ್ನು ಮರೆಯುವುದೆಂದರೆ ಆ ಕೆಲಸದವರಿಗೆ ಮಗುವನ್ನು ಮರೆತು ಬಂದಷ್ಟೇ ನಾಚಿಕೆ.

"ಹೆಣ ಹೆಗಲ ಮೇಲಿಟ್ಕೊಂಡು ಹಿಟ್ಟಿನ ಮಾತಾಡ್ತೀರಲ್ಲ, ನಿಮಗೇನು ಬುದ್ಧಿಗಿದ್ಧಿ ಇದೆಯಾ?" ಅತ್ತೆ ಕೂಗಿದಳು.

"ಇಳಿಸಿ," ಅಂದಳು ಅಮ್ಮ.

ಬಾಗಿಲ ಪಕ್ಕದ ಉದ್ದ ಬೆಂಚಿನ ಮೇಲೆ ಪೆಟ್ಟಿಗೆ ಇಳಿಸಿದರು. ಮಾಮ ಬಾಗಿಲು ತಳ್ಳಿದ. ಪುಟ್ಟಿ ಅವನ ಹಿಂದೆ ಒಳಗೆ ಹೋದಳು.

ಒಳಗೆ ಕತ್ತಲು, ಶಾಖ, ಹುಳಿಹುಳಿ ವಾಸನೆ. ಹಿಟ್ಟು ತೊಟ್ಟಿಯ ಅಂಚು ದಾಟಿ, ಬಟ್ಟೆಯನ್ನು ಒಂದು ಕಡೆಗೆ ತಳ್ಳಿ, ಎರಡೂ ಬದಿಗೆ ಇಳಿದು, ನೆಲ ಮುಟ್ಟುವುದಕ್ಕೆ ಗೇಣು ಉಳಿದಿತ್ತು. ಮೇಲೆಲ್ಲ ಗುಳ್ಳೆಗಳು ಏಳುತ್ತಿದ್ದವು, ಒಡೆಯುತ್ತಿದ್ದವು. ಕಲಸಿದವನು ಮನೆಗೆ ಹೋಗಿ ಮಲಗಿದ್ದ, ತೀರಿಕೊಂಡಿದ್ದ, ಅವನನ್ನು ತೊಳೆದು ಪೆಟ್ಟಿಗೆಯಲ್ಲಿಟ್ಟು ಹೊತ್ತು ತಂದಿದ್ದರು. ಇದು ಮಾತ್ರ ಯಾರ ಅಪ್ಪಣೆಗೂ ಕಾಯದೆ ತನ್ನ ಕೆಲಸ ಮಾಡುತ್ತಲೇ ಇತ್ತು. ಪುಟ್ಟಿ ಅಂಗೈಯನ್ನು ಅದರ ಮೇಲಿಟ್ಟಳು. ಬೆಚ್ಚಗಿತ್ತು. ಅದು ಉಸ್ಸೆಂದು ಉಸಿರು ಬಿಟ್ಟು ಅವಳ ಕೈಯನ್ನು ಒಳಕ್ಕೆ ತೆಗೆದುಕೊಂಡಿತು.

"ಹುಳಿ ಜಾಸ್ತಿಯಾಗಿದೆ," ಅಂದ ಮಾಮ ಮೂಸಿ ನೋಡಿ. "ಒಂದಿಷ್ಟು ಒಣ ಹಿಟ್ಟು ಸೇರಿಸಿ ನಾದಿದ್ರೆ ಆಗತ್ತೆ. ಭಟ್ಟಿ ಇನ್ನೂ ಕಾದಿದೆ."

"ಎಷ್ಟು ಹೊತ್ತಾಗತ್ತೆ?" ಬಾಗಿಲಲ್ಲಿ ನಿಂತ ಹಿರಿಯರು ಗಡಿಯಾರ ನೋಡಿಕೊಂಡರು.

"ಒಂದು ಗಂಟೆ. ಮೇಲೆ ಸ್ವಲ್ಪ."

ಹಿರಿಯರು ಅಮ್ಮನ ಕಡೆ ತಿರುಗಿದರು. ಅಮ್ಮ ಬೆಂಚಿನ ತುದಿಯಲ್ಲಿ, ಪೆಟ್ಟಿಗೆಯ ಪಕ್ಕ, ಬಸ್ಸಿಗೆ ಕಾಯುವವಳಂತೆ ಕೂತುಬಿಟ್ಟಿದ್ದಳು.

"ಆಗಲಿ ಬಿಡಿ," ಅಂದಳು. "ಅವರಿಗೇನು ಹಡಗು ಹತ್ತೋದಿದೆಯಾ?"

ಬೇಕರಿಯವರು ಸಾವಿಗೆಂದು ಹಾಕಿಕೊಂಡಿದ್ದ ಒಳ್ಳೆಯ ಅಂಗಿಗಳ ತೋಳು ಮಡಚಿ ಒಳಗೆ ನುಗ್ಗಿದರು. ಕ್ಷೌರದವನೂ ನಲ್ಲಿಯಲ್ಲಿ ಕೈ ತೊಳೆದುಕೊಂಡ. ಅರ್ಧ ಗಡ್ಡದವನು ಕಟ್ಟಿಗೆ ತಂದುಕೊಟ್ಟ. ಅತ್ತೆ ಗೊಣಗುತ್ತ ಗೊಣಗುತ್ತಲೇ ಬಂದು, "ಇಷ್ಟು ದಪ್ಪ ಮಾಡಿದ್ರೆ ಒಳಗೆ ಬೇಯತ್ತೇನ್ರೋ?" ಅಂತ ಯಾರದೋ ಕೈಯಿಂದ ಉಂಡೆ ಕಿತ್ತುಕೊಂಡಳು. ಪುಟ್ಟಿ ಮೊಣಕೈವರೆಗೆ ಹಿಟ್ಟಿನಲ್ಲಿದ್ದಳು.

ಭಟ್ಟಿಯಿಂದ ಬಂದ ವಾಸನೆ ಬಾಗಿಲು ದಾಟಿ ಬೀದಿಗಿಳಿಯಿತು. ಬೆಳಿಗ್ಗೆಯಿಂದ ಬ್ರೆಡ್ಡಿಲ್ಲದ ಮನೆಗಳಿಂದ ಜನ ಚೀಲ ಹಿಡಿದು ಹೊರಗೆ ಬಂದರು. ಬೆಂಚಿನ ಮೇಲಿನ ಪೆಟ್ಟಿಗೆ ಕಂಡು ತಡೆದರು, ದನಿ ತಗ್ಗಿಸಿದರು, ಆದರೆ ವಾಪಸ್ ಹೋಗಲಿಲ್ಲ. ಗೋಡೆಗುಂಟ ಒಬ್ಬರ ಹಿಂದೆ ಒಬ್ಬರು ನಿಂತರು. ಪೆಟ್ಟಿಗೆಯ ಜೊತೆಗೆ ಬಂದಿದ್ದವರೂ ಅವರ ನಡುವೆ ಸೇರಿಕೊಂಡರು. ಮಣ್ಣಿಗೆ ಬಂದವರು ಯಾರು, ಬ್ರೆಡ್ಡಿಗೆ ಬಂದವರು ಯಾರು ಅಂತ ಬೇರೆಮಾಡಿ ಹೇಳುವಂತಿರಲಿಲ್ಲ. ಸಾಲು ತಿರುವು ದಾಟಿ ಆಚೆ ಬೀದಿಗೂ ಹೋಯಿತು.

ಮೊದಲ ತಟ್ಟೆ ಹೊರಬಂತು. ಪುಟ್ಟಿ ಅದನ್ನು ಎತ್ತಿಕೊಂಡು, ಬಿಸಿಗೆ ಕೈ ಬದಲಾಯಿಸುತ್ತ, ಬಾಗಿಲಿಗೆ ಬಂದಳು. ಎಷ್ಟೋ ವರ್ಷ ಒಳಗಿದ್ದವನು ಇವತ್ತು ಹೊರಗಿದ್ದ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಅಪ್ಪನೇ ಇದ್ದ.